ಹನಿ ನಿಂತ ಗಾಜು

"ನೋಡಿ ಅಮ್ಮಾವ್ರೆ, ಮತ್ತೆ ಹಾಗೇ ಮಾಡ್ತು!"

ಗಾಜು ಒರೆಸುವವನು ಖಾಲಿ ಬಕೆಟ್ಟನ್ನು ಹುಲ್ಲಿನ ಮೇಲೆ ಕುಕ್ಕಿ, ಸೊಂಟಕ್ಕೆ ಕೈ ಕೊಟ್ಟು ನಿಂತ.

ಇನ್‌ಸ್ಪೆಕ್ಟರಮ್ಮ ಕಿಟಕಿಯ ಹತ್ತಿರ ಬಂದರು. ಕಬ್ಬಿಣದ ಚೌಕಟ್ಟಿನಲ್ಲಿ ಹನ್ನೆರಡು ಗಾಜುಗಳು, ಒಂದೊಂದೂ ದೊಡ್ಡ ಟ್ರೇಯಷ್ಟು. ಹನ್ನೊಂದರ ಮೇಲೆ ನೀರು ತೆಳ್ಳಗೆ ಹಾಳೆ ಹಾಸಿದಂತೆ ಹರಡಿ, ಗುರುತೇ ಉಳಿಸದೆ ಜಾರಿ ಹೋಗಿತ್ತು. ಕೆಳಸಾಲಿನ ಎಡತುದಿಯ ಗಾಜಿನ ಮೇಲೆ ಮಾತ್ರ ಹನಿಗಳು ಮೊಡವೆಗಳ ಹಾಗೆ ಉಬ್ಬಿ ನಿಂತಿದ್ದವು.

"ಯಾವಾಗಿಂದ ಹೀಗೆ?"

"ಸೋಮವಾರದಿಂದ. ಶನಿವಾರ ನೀರು ಹೊಡೆದಾಗ ಹನ್ನೆರಡೂ ಒಂದೇ ಥರ ಇದ್ವು. ಭಾನುವಾರ ರಜ. ಸೋಮವಾರ ಬಂದು ನೋಡ್ತೀನಿ, ಇದೊಂದು ಮುಖ ಊದಿಸಿಕೊಂಡು ಕೂತಿದೆ." ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಹನಿಗಳನ್ನು ಒರೆಸಿದ. "ನಿಜ ಹೇಳ್ಬೇಕಂದ್ರೆ ನಂಗೆ ಖುಷಿನೇ ಆಯ್ತು. ಡಾಕ್ಟರಮ್ಮ ಈ ಗಾಜು ಹಾಕಿಸಿದ ಮೇಲೆ ನನಗೆ ವಾರದಲ್ಲಿ ಎರಡೇ ದಿನ ಕೆಲಸ. ಬಿಸಿಲು ಬಿದ್ರೆ ಕೊಳೆ ತಾನಾಗೇ ಬಿಟ್ಕೊಳ್ಳುತ್ತೆ. ಗಾಜೇ ಸ್ನಾನ ಮಾಡ್ಕೊಳ್ಳೋ ಹಾಗಾದ್ರೆ ನಾನು ಯಾರ ಬೆನ್ನು ಉಜ್ಜಲಿ, ನೀವೇ ಹೇಳಿ."

ಹಿಂದೆ ನಿಂತಿದ್ದ ದಫೇದಾರ ಗಂಟಲು ಸರಿಪಡಿಸಿಕೊಂಡ. ಕಿವಿಯ ತನಕ ತಿರುವಿದ ಮೀಸೆಯಿಂದಾಗಿ ಇಡೀ ಠಾಣೆಗೆ ಅವನು 'ಮೀಸೆ'. ಇನ್‌ಸ್ಪೆಕ್ಟರಮ್ಮನಿಗೂ ಅದೇ ಠಾಣೆ ಒಂದು ಹೆಸರು ಇಟ್ಟಿತ್ತು, ಬೆನ್ನ ಹಿಂದೆ: 'ಸಾವಕಾಶ'. ಅದು ಅವರಿಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

"ಅದನ್ನೇ ಅಲ್ವಾ ಮೇಡಂ ನಾನು ಮೊದಲಿಂದ ಹೇಳ್ತಿರೋದು," ಎಂದ ಮೀಸೆ. "ಗಾಜು ಕಚ್ಚಿಸೋ ಪುಟ್ಟಿ ಇನ್ನೂ ಹಸಿ. ಆ ಗಾಜಿನ ಮೇಸ್ತ್ರಿ ಹಳೇ ಗಾಜು ಕಿತ್ತು, ಕೈ ಹಾಕಿ ಫೈಲು ಎತ್ಕೊಂಡು, ಯಾವುದೋ ಮಾಮೂಲಿ ಗಾಜು ಕೂರಿಸಿ ಹೋಗಿದ್ದಾನೆ. ಹನಿ ನಿಲ್ಲದೆ ಇನ್ನೇನು? ಕೋರ್ಟು ಕೊಟ್ಟ ಕಸ್ಟಡಿ ಇವತ್ತಿಗೆ ಮುಗೀತು, ನಾಲ್ಕು ಗಂಟೆಗೆ ಅವನನ್ನ ವಾಪಸ್ ಕೋರ್ಟಿಗೆ ಕಳಿಸಿಬಿಟ್ರೆ ನಮ್ಮ ತಲೆನೋವು ಮುಗೀತು."

ಹೇಳುವುದಕ್ಕೆ ಸುಲಭವಾಗಿಯೇ ಇತ್ತು. ಕಳೆದ ಶುಕ್ರವಾರ ಸಂಜೆ ಈ ಪುಡಿ ಕಾರ್ಖಾನೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅವತ್ತೇ ಆಕೆಯ ಕೋಣೆಗೆ ಅರಗಿನ ಮೊಹರು ಬಿದ್ದಿತ್ತು. ಬುಧವಾರ ಮೊಹರು ಒಡೆದು ನೋಡಿದರೆ ಮೇಜಿನ ಮೇಲಿದ್ದ ನೀಲಿ ಫೈಲು ಇರಲಿಲ್ಲ. ಬಾಗಿಲು ತೆರೆದಿಲ್ಲ, ಕಿಟಕಿ ತೆರೆಯುವಂಥದ್ದೇ ಅಲ್ಲ. ಹೊಸ ಪುಟ್ಟಿಯನ್ನು ಮೊದಲು ಕಂಡವನು ಮೀಸೆ. ಆ ಗಾಜುಗಳನ್ನು ಕೂರಿಸಿದ ಮೇಸ್ತ್ರಿಯನ್ನು ಅಂದೇ ಎಳೆದು ತಂದವನೂ ಅವನೇ.

ಇನ್‌ಸ್ಪೆಕ್ಟರಮ್ಮ ಬಾಗಿ ಗಾಜಿನ ಅಂಚನ್ನು ನೋಡಿದರು. ಪುಟ್ಟಿಯಿಂದ ಅಗಸೆ ಎಣ್ಣೆಯ ವಾಸನೆ ಇನ್ನೂ ಬರುತ್ತಿತ್ತು. ಉಳಿದ ಹನ್ನೊಂದು ಗಾಜಿನ ಸುತ್ತ ಪುಟ್ಟಿಯನ್ನು ಅಲಗಿನಿಂದ ಎಳೆದದ್ದು ನೇರವಾಗಿ, ನುಣುಪಾಗಿ ಇತ್ತು. ಇದರದ್ದನ್ನು ಹೆಬ್ಬೆರಳಿಂದ ಒತ್ತಿದ್ದರು. ಗುಳಿಗಳು ಸಾಲಾಗಿ ಕಾಣುತ್ತಿದ್ದವು. ಅವರು ತಮ್ಮ ಹೆಬ್ಬೆರಳನ್ನು ಒಂದು ಗುಳಿಯ ಮೇಲಿಟ್ಟು ನೋಡಿದರು. ಸರಿಯಾಗಿ ಕೂತಿತು.

"ಒಳಗೆ ಹೋಗೋಣ," ಎಂದರು.

*

ಕೋಣೆಯೊಳಗೆ ಲ್ಯಾಬಿನ ಸಹಾಯಕಿ ಕಾಯುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಬಿಳಿ ಕೋಟಿನ ತೋಳನ್ನು ಮೊಣಕೈ ತನಕ ಮಡಚಿದ್ದಳು. ಡಾಕ್ಟರಮ್ಮನ ಕುರ್ಚಿಯನ್ನು ಮಾತ್ರ ಮುಟ್ಟದೆ ಬಳಸಿಕೊಂಡು ಓಡಾಡುತ್ತಿದ್ದಳು.

"ಒಂದು ಸೀಸೆ ನೀರು ಕೊಡಮ್ಮ. ಚಿಮ್ಮಿಸೋ ಥರದ್ದು."

ಸಹಾಯಕಿ ಕೊಟ್ಟಳು. ಇನ್‌ಸ್ಪೆಕ್ಟರಮ್ಮ ಮೊದಲು ಪಕ್ಕದ ಗಾಜಿನ ಒಳಮೈಗೆ ಚಿಮ್ಮಿಸಿದರು. ಹನಿಗಳು ಉಬ್ಬಿ ನಿಂತವು. ಆಮೇಲೆ ಎಡತುದಿಯ ಗಾಜಿನ ಒಳಮೈಗೆ ಚಿಮ್ಮಿಸಿದರು.

ನೀರು ಹರಡಿತು. ಒಂದೇ ಒಂದು ಹನಿಯೂ ನಿಲ್ಲದೆ, ಹಾಳೆಯಂತೆ ತೆಳ್ಳಗಾಗಿ, ಕೆಳಗೆ ಜಾರಿತು.

ಸಹಾಯಕಿ ಬಾಯಿಗೆ ಕೈ ಅಡ್ಡ ಹಿಡಿದಳು. "ಮೇಡಂ, ಇದು ನಮ್ಮದೇ ಗಾಜು. ಮಗುಚಿ ಕೂರಿಸಿದ್ದಾರೆ!"

"ಬಿಡಿಸಿ ಹೇಳು. ನಾನು ಇಸ್ಕೂಲಿನಲ್ಲಿ ವಿಜ್ಞಾನದ ಪೀರಿಯಡ್ಡಿನಲ್ಲಿ ನಿದ್ದೆ ಮಾಡ್ದೋಳು."

ಸಹಾಯಕಿ ಕಪಾಟಿನಿಂದ ಎರಡು ಸಣ್ಣ ಡಬ್ಬಿಗಳನ್ನು ತಂದು ಮೇಜಿನ ಮೇಲಿಟ್ಟಳು. ಒಂದರಲ್ಲಿ ಹಾಲಿನಷ್ಟು ಬೆಳ್ಳಗಿನ ಪುಡಿ. ಇನ್ನೊಂದರಲ್ಲಿ ನೀರಿನಂಥದೇ ಏನೋ, ಕೊಂಚ ಮಸುಕು.

"ಎರಡೂ ಒಂದೇ ವಸ್ತು ಮೇಡಂ. ಗೋಡೆಗೆ ಹೊಡೆಯೋ ಬಿಳಿ ಬಣ್ಣದಲ್ಲಿ ಇರೋದೂ ಇದೇ, ಎಷ್ಟೋ ಟೂತ್‌ಪೇಸ್ಟುಗಳಲ್ಲಿ ಇರೋದೂ ಇದೇ. ಕಣ ದಪ್ಪ ಇದ್ರೆ ಬೆಳ್ಳಗೆ ಕಾಣುತ್ತೆ. ಅದೇ ಕಣವನ್ನ ಸಣ್ಣ, ಇನ್ನೂ ಸಣ್ಣ ಮಾಡಿದ್ರೆ... ಒಂದು ಕೂದಲನ್ನ ಉದ್ದುದ್ದಕ್ಕೆ ಐದು ಸಾವಿರ ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರುತ್ತೆ, ಅಷ್ಟು ಸಣ್ಣ... ಆಗ ಅದರ ಗುಣವೇ ಬೇರೆ. ಬಿಳುಪು ಹೊರಟುಹೋಗುತ್ತೆ. ಗಾಜಿಗೆ ಹಚ್ಚಿದ್ರೆ ಹಚ್ಚಿದ್ದೇ ಕಾಣಲ್ಲ. ಬಿಸಿಲು ತಾಗಿದ್ರೆ ಗಾಜಿಗೆ ಅಂಟಿದ ಜಿಡ್ಡನ್ನ ತಿಂದುಹಾಕುತ್ತೆ. ನೀರು ಬಿದ್ರೆ ಹನಿ ಆಗೋಕೆ ಬಿಡಲ್ಲ, ಹರಡಿಸಿಬಿಡುತ್ತೆ."

"ಎರಡೂ ಮೈಗೆ ಹಚ್ಚಿರಲ್ವಾ?"

"ಇಲ್ಲ, ಒಂದೇ ಮೈಗೆ. ಬಿಸಿಲು ಮಳೆ ಎರಡೂ ಹೊರಗಡೆ ತಾನೆ? ಅದಕ್ಕೇ ಹಚ್ಚಿದ ಮೈ ಹೊರಗಿರಬೇಕು. ಇದೊಂದನ್ನ ತೆಗೆದು ವಾಪಸ್ ಇಡುವಾಗ ಒಳಗೆ ಮಾಡಿಬಿಟ್ಟಿದ್ದಾರೆ."

ಬಾಗಿಲಲ್ಲಿ ನಿಂತಿದ್ದ ಮೀಸೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಇನ್‌ಸ್ಪೆಕ್ಟರಮ್ಮ ಮೇಜಿನ ಅಂಚಿಗೆ ಒರಗಿ ನಿಂತು ಯೋಚಿಸಿದರು. ಹೊಸ ಗಾಜು ಬಂದೇ ಇಲ್ಲ. ಯಾರೋ ಹೊರಗಿನಿಂದ ಹಳೆಯ ಪುಟ್ಟಿ ಕೆರೆದು ಗಾಜನ್ನು ಇಡಿಯಾಗಿ ಬಿಡಿಸಿಕೊಂಡಿದ್ದಾರೆ, ಕೆಲಸ ಮುಗಿಸಿ ಅದನ್ನೇ ಮತ್ತೆ ಕೂರಿಸಿದ್ದಾರೆ. ಮೇಜು ಕಿಟಕಿಗೆ ತಾಗಿಕೊಂಡೇ ಇದೆ. ಒಳಗೆ ಹತ್ತಿ ಇಳಿಯುವ ಗೊಡವೆಯೇ ಇಲ್ಲ, ತೋಳು ಚಾಚಿದರೆ ಸಾಕು.

"ಯಾವ ಮೈ ಹೊರಗೆ ಅನ್ನೋದು ಯಾರ್ಯಾರಿಗೆ ಗೊತ್ತು?"

"ಲ್ಯಾಬಿನವರಿಗೆಲ್ಲ ಗೊತ್ತು. ಮ್ಯಾನೇಜರಿಗೂ ಗೊತ್ತು, ನೋಡೋಕೆ ಬಂದವರಿಗೆಲ್ಲ ಅವರೇ ನೀರು ಹೊಡೆದು ತೋರಿಸ್ತಿದ್ರು. ಮೇಸ್ತ್ರಿಗಂತೂ ಡಾಕ್ಟರಮ್ಮ ಒಂದು ಬೆಳಗ್ಗೆಯೆಲ್ಲ ಕೂರಿಸಿಕೊಂಡು ಹೇಳಿಕೊಟ್ಟಿದ್ರು. ಗೊತ್ತಿಲ್ಲದಿರೋರು ಅಂದ್ರೆ..." ಅವಳು ಸ್ವಲ್ಪ ತಡೆದಳು. "ಚೀಲ ತುಂಬೋ ಶೆಡ್ಡಿನವರು. ಅವರು ಈ ಕಡೆ ಬರೋದೇ ಇಲ್ಲ."

"ಆ ಫೈಲಿನಲ್ಲಿದ್ದದ್ದು ಅವರ ವಿಷಯವೇ ಅಲ್ವಾ?"

ಸಹಾಯಕಿ ಮೀಸೆಯ ಕಡೆ ನೋಡಿದಳು, ಕಾರಿಡಾರಿನ ಕಡೆ ನೋಡಿದಳು. ದನಿ ತಗ್ಗಿಸಿದಳು.

"ಈ ಪುಡಿ ಗಾಜಿಗೆ ಅಂಟಿಕೊಂಡಿದ್ರೆ ಯಾರಿಗೂ ತೊಂದರೆ ಇಲ್ಲ ಮೇಡಂ. ಬಣ್ಣದಲ್ಲಿ ಕಲೆಸಿ ಹೋದ್ರೂ ಇಲ್ಲ. ಆದ್ರೆ ಚೀಲ ತುಂಬುವಾಗ ಗಾಳಿಯಲ್ಲಿ ತೇಲಾಡುತ್ತಲ್ಲ, ಅದು ಉಸಿರಿನ ಜೊತೆ ಒಳಗೆ ಹೋಗುತ್ತೆ. ದಪ್ಪ ಧೂಳಾದ್ರೆ ಮೂಗು ತಡೆಯುತ್ತೆ, ಕೆಮ್ಮಿದ್ರೆ ಹೊರಗೆ ಬರುತ್ತೆ. ಇಷ್ಟು ಸಣ್ಣದು ಶ್ವಾಸಕೋಶದ ತಳಕ್ಕೇ ಇಳಿದು ಕೂತುಬಿಡುತ್ತೆ. ಡಾಕ್ಟರಮ್ಮ ಹನ್ನೊಂದು ಜನರ ಎದೆಯ ಎಕ್ಸ್‌ರೇ ತೆಗೆಸಿದ್ರು. ಸೋಮವಾರ ಅದನ್ನ ಆರೋಗ್ಯಾಧಿಕಾರಿಗೆ ಕೊಡೋರಿದ್ರು. ಶುಕ್ರವಾರ ಬಿದ್ರು."

"ಮ್ಯಾನೇಜರ್ ಏನಂತಿದ್ರು?"

"'ಟೂತ್‌ಪೇಸ್ಟಿನಲ್ಲಿರೋ ಪುಡಿಗೆ ಹೆದರ್ತೀರಲ್ರೀ' ಅಂತ ನಗ್ತಿದ್ರು."

ಹೊರಡುವ ಮುಂಚೆ ಇನ್‌ಸ್ಪೆಕ್ಟರಮ್ಮ ಲೇಪ ಹಚ್ಚಿದ ಗಾಜಿನ ಒಂದು ತುಂಡು ಕೇಳಿ ಪಡೆದರು. ಅಂಗೈಯಗಲದ್ದು, ಅಂಚನ್ನು ಉಜ್ಜಿ ನಯ ಮಾಡಿದ್ದು. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

*

ಠಾಣೆ ತಲುಪಿದಾಗ ಹನ್ನೊಂದೂವರೆ. ಗಾಜಿನ ಮೇಸ್ತ್ರಿ ಕಂಬಿಗಳ ಹಿಂದೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಐವತ್ತರ ಗಂಡಸು, ಬೆರಳುಗಳ ತುಂಬ ಹಳೆಯ ಗೀರುಗಳು, ಉಗುರಿನ ಸಂದಿಯಲ್ಲಿ ಒಣಗಿದ ಪುಟ್ಟಿ. ಮೂರು ದಿನದಿಂದ ಅವನ ಬಾಯಲ್ಲಿ ಒಂದೇ ಮಾತು: ನಾನು ಮಾಡಿಲ್ಲ, ನಂಗೆ ಗೊತ್ತಿಲ್ಲ.

ಇನ್‌ಸ್ಪೆಕ್ಟರಮ್ಮ ಸ್ಟೂಲು ಎಳೆದುಕೊಂಡು ಅವನೆದುರು ಕೂತರು. ಮೀಸೆ ಕಂಬಿಯ ಹೊರಗೆ ನಿಂತ.

"ಊಟ ಮಾಡಿದ್ರಾ?"

"ಹಸಿವಿಲ್ಲಮ್ಮ."

"ಇದೊಂದು ಕಿಟಕಿಗೆ ಹಾಕಬೇಕು ಅಂತಿಟ್ಕೊಳ್ಳಿ. ಯಾವ ಮೈ ಹೊರಗೆ?"

ಗಾಜಿನ ತುಂಡು ಅಂಗೈಗೆ ಬಂದದ್ದೇ ತಡ, ಅವನ ಕೂತ ಭಂಗಿಯೇ ಬದಲಾಯಿತು. ಬೆನ್ನು ನೆಟ್ಟಗಾಯಿತು. ಅಂಚು ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದ. ಬಾಯಿಯ ಹತ್ತಿರ ತಂದು "ಹಾ" ಎಂದು ಉಸಿರು ಬಿಟ್ಟ. ಮಗುಚಿ ಇನ್ನೊಂದು ಮೈಗೂ "ಹಾ" ಎಂದ.

"ಇದು ಮಂಜಾಯ್ತಲ್ಲ, ಇದು ಒಳಗಡೆಗೆ. ಇದಕ್ಕೆ ಮಂಜು ಹಿಡೀಲಿಲ್ಲ. ಉಸಿರಿನ ತೇವಾನೂ ಹರಡಿಬಿಡುತ್ತೆ. ಇದು ಹೊರಗಡೆಗೆ." ಅವನು ಬೆರಳಿಂದ ತಟ್ಟಿದ. "ನೋಡದೇನೂ ಹೇಳ್ತೀನಿ ಬೇಕಾದ್ರೆ. ಸವರಿದ್ರೆ ಬೆರಳನ್ನ ಒಂಚೂರು ಹಿಡಿದ ಹಾಗಾಗುತ್ತೆ."

"ಪ್ರತಿ ಗಾಜಿಗೂ ಹೀಗೆ ನೋಡ್ತೀರಾ?"

"ನೋಡದೆ ಹೆಂಗಮ್ಮಾ? ಇಪ್ಪತ್ತೊಂಬತ್ತು ವರ್ಷದಿಂದ ಗಾಜು ಕೂರಿಸ್ತಿದ್ದೀನಿ. ಕೈ ತಾನಾಗೇ ಬಾಯಿ ಹತ್ರ ಬರುತ್ತೆ."

ಇನ್‌ಸ್ಪೆಕ್ಟರಮ್ಮ ತುಂಡನ್ನು ವಾಪಸ್ ತೆಗೆದುಕೊಂಡರು.

"ಹಾಗಾದ್ರೆ ನಿಮ್ಮನ್ನ ಮನೆಗೆ ಕಳಿಸೋ ದಾರಿ ಸಿಕ್ತು. ಡಾಕ್ಟರಮ್ಮನ ಕಿಟಕಿಯ ಆ ಗಾಜನ್ನ ತೆಗೆದವರು ಅದನ್ನೇ ವಾಪಸ್ ಕೂರಿಸಿದ್ದಾರೆ. ಆದ್ರೆ ಉಲ್ಟಾ. ಹಚ್ಚಿದ ಮೈ ಒಳಗಿದೆ. ಪುಟ್ಟಿಗೆ ಅಲಗು ಹಾಕಿಲ್ಲ, ಹೆಬ್ಬೆರಳಲ್ಲಿ ಒತ್ತಿದ್ದಾರೆ. ನಿಮ್ಮ ಕೈ ಅಂಥ ಕೆಲಸ ಮಾಡಲ್ಲ. ಅದನ್ನ ಯಾವ ಜಡ್ಜಿಗೆ ಬೇಕಾದ್ರೂ ನಾನು ತೋರಿಸ್ತೀನಿ."

ಬಿಡುಗಡೆಯ ಸುದ್ದಿ ಕೇಳಿದವನ ಮುಖ ಅರಳಬೇಕಿತ್ತು. ಅರಳಲಿಲ್ಲ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಅವನ ಕಣ್ಣು ಇನ್‌ಸ್ಪೆಕ್ಟರಮ್ಮನ ಹೆಬ್ಬೆರಳಿನ ಮೇಲೆ ಬಿದ್ದು ಅಲ್ಲೇ ನಿಂತಿತು. ಮೂರು ದಿನ ಅರ್ಥವಾಗದಿದ್ದದ್ದು ಆ ಗಳಿಗೆಯಲ್ಲಿ ಅವನಿಗೆ ಅರ್ಥವಾದಂತಿತ್ತು.

"ಹೆಬ್ಬೆರಳಲ್ಲಾ?" ಎಂದ, ಪಿಸುದನಿಯಲ್ಲಿ.

"ಹೌದು. ಸಣ್ಣ ಹೆಬ್ಬೆರಳು."

ಅವನು ಎದ್ದು ನಿಂತ. ಕಂಬಿಯ ಆಚೆಗಿದ್ದ ಮೀಸೆಯನ್ನು ನೋಡಿದ, ಇನ್‌ಸ್ಪೆಕ್ಟರಮ್ಮನನ್ನು ನೋಡಿದ.

"ನಾನೇ ಮಾಡಿದ್ದು," ಎಂದ.

"ಏನು?"

"ನಾನೇ ಕದ್ದಿದ್ದು. ಬರ್ಕೊಳ್ಳಿ. ಆತುರದಲ್ಲಿ ಉಲ್ಟಾ ಬಿತ್ತು, ಅಲಗು ತಗೊಂಡು ಹೋಗೋದು ಮರ್ತಿದ್ದೆ."

"ಫೈಲು ಎಲ್ಲಿಟ್ಟಿದ್ದೀರಿ?"

"ಸುಟ್ಟಾಕ್ದೆ."

"ಯಾಕೆ?"

ಅವನು ಉಗುರಿನ ಸಂದಿಯ ಪುಟ್ಟಿಯನ್ನು ಕೆರೆಯತೊಡಗಿದ.

"ನಿಮ್ಮ ಹೆಂಡತಿ ಎಲ್ಲಿ ಕೆಲಸ ಮಾಡೋದು?" ಎಂದು ಇನ್‌ಸ್ಪೆಕ್ಟರಮ್ಮ ಮೆತ್ತಗೆ ಕೇಳಿದರು.

"ಅವಳ ಸುದ್ದಿ ಎತ್ತಬೇಡಿ!" ಅವನು ಕಿರುಚಲಿಲ್ಲ, ಬೇಡಿಕೊಂಡ. "ಒಪ್ಕೊಂಡಿದ್ದೀನಲ್ಲಮ್ಮಾ. ಇನ್ನೇನು ಬೇಕು ನಿಮಗೆ? ನಾಲ್ಕು ಗಂಟೆಗೆ ಕರ್ಕೊಂಡು ಹೋಗಿ."

ಹೊರಗೆ ಬಂದಾಗ ಮೀಸೆ ಆಗಲೇ ಕಾಗದ, ಪೆನ್ನು ಹಿಡಿದು ನಿಂತಿದ್ದ. "ಸಹಿ ಹಾಕಿಸ್ಕೊಂಡು ಬಿಡ್ಲಾ ಮೇಡಂ? ಬಿಸಿ ಇದ್ದಾಗಲೇ ಆಗಿಬಿಡ್ಲಿ."

"ಇರ್ಲಿ ಬಿಡಿ ದಫೇದಾರ್ರೇ. ಅವನ ಮನೆಗೆ ಒಂದು ಸಲ ಹೋಗಿ ಬರೋಣ."

"ನಿಮಗ್ಯಾಕೆ ಈ ಬಿಸಿಲಲ್ಲಿ ತೊಂದರೆ? ಮನೆ ನಂಗೆ ಗೊತ್ತು. ನಾನೇ ಹೋಗಿ ವಿಚಾರಿಸ್ಕೊಂಡು ಬರ್ತೀನಿ."

"ನಾನೂ ಬರ್ತೀನಿ," ಎಂದರು ಇನ್‌ಸ್ಪೆಕ್ಟರಮ್ಮ. "ಕೂತು ಕೂತು ಮಂಡಿ ಹಿಡ್ಕೊಂಡಿದೆ."

*

ಎರಡೇ ಕೋಣೆಯ ಮನೆ. ಗೋಡೆಯ ಉದ್ದಕ್ಕೂ ಮರದ ಚೌಕಟ್ಟುಗಳು, ಒಡೆದ ಗಾಜಿನ ತುಂಡುಗಳನ್ನು ತುಂಬಿದ ಪೆಟ್ಟಿಗೆ, ಮುಚ್ಚಳ ಬಿಗಿದ ಪುಟ್ಟಿಯ ಡಬ್ಬಿಗಳು. ಕಿಟಕಿಯ ಕೆಳಗೆ ಮಂಚದ ಮೇಲೆ ಮೇಸ್ತ್ರಿಯ ತಾಯಿ ಹರಿದ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತ ಕೂತಿದ್ದಳು.

ಬಾಗಿಲು ತೆರೆದವಳು ಹೆಂಡತಿ. ತೆಳ್ಳನೆಯ ಹೆಂಗಸು. ಇನ್‌ಸ್ಪೆಕ್ಟರಮ್ಮನನ್ನು ನೋಡಿ "ಬನ್ನಿ" ಎಂದಳು. ಅವರ ಹೆಗಲಾಚೆ ಮೀಸೆಯನ್ನು ಕಂಡದ್ದೇ ಬಾಗಿಲ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇನ್‌ಸ್ಪೆಕ್ಟರಮ್ಮ ಅದನ್ನು ಗಮನಿಸಿದರು. ಎಲ್ಲರಿಗೂ ಪೊಲೀಸರೆಂದರೆ ಭಯ, ಅದರಲ್ಲೂ ಗಂಡನನ್ನು ಎಳೆದೊಯ್ದವನೆಂದರೆ ಇನ್ನೂ ಭಯ ಎಂದುಕೊಂಡರು.

"ದಫೇದಾರ್ರೇ, ನೀವು ಜೀಪಿನ ಹತ್ರ ಇರಿ. ಹೆಂಗಸರು ಹೆಂಗಸರು ಮಾತಾಡ್ಕೊಳ್ತೀವಿ."

ಮೀಸೆ ಒಂದು ಕ್ಷಣ ನಿಂತ. ಆಮೇಲೆ ತಲೆಯಾಡಿಸಿ ಬೀದಿಗಿಳಿದ. ಬಾಗಿಲು ಮುಚ್ಚಿತು.

"ನನ್ನ ಮಗ ಯಾವಾಗ ಬರ್ತಾನೆ?" ಮುದುಕಿ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ಅವರು ತಪ್ಪೊಪ್ಕೊಂಡಿದ್ದಾರೆ ಅಜ್ಜಿ. ಆತುರದಲ್ಲಿ ಗಾಜು ಉಲ್ಟಾ ಕೂರಿಸಿದೆ ಅಂದ್ರು."

ಮುದುಕಿ ದಾರ ಕಚ್ಚಿ ಹರಿದಳು. "ಅವನು ಅಂಗಿ ಉಲ್ಟಾ ಹಾಕ್ಕೊಂಡು ಮದುವೆಮನೆಗೆ ಹೋಗಿದ್ದಾನೆ. ಬಲಗಾಲಿನ ಚಪ್ಪಲಿ ಎಡಕ್ಕೆ ಹಾಕ್ಕೊಂಡು ಪೇಟೆ ಸುತ್ತಿ ಬಂದಿದ್ದಾನೆ. ಗಾಜು ಮಾತ್ರ ಉಲ್ಟಾ ಕೂರಿಸಿದ್ದಿಲ್ಲ. ಸುಳ್ಳು ಹೇಳೋದು ಹುಟ್ಟಿದಾಗಿಂದ ಅವನಿಗೆ ಬರಲ್ಲ, ಪಾಪ."

ಹೆಂಡತಿ ಗೋಡೆಗೆ ಒರಗಿದಳು. ಕೆಮ್ಮು ಬಂತು. ಮೊದಲು ಒಂದೆರಡು, ಆಮೇಲೆ ತಡೆಯಿಲ್ಲದೆ, ಒಣಕೆಮ್ಮು. ಮುದುಕಿ ಅಂಗಿಯನ್ನು ಬದಿಗಿಟ್ಟು ಎದ್ದು, ಒಂದು ಲೋಟ ನೀರು ತಂದು ಸೊಸೆಯ ಕೈಗಿಟ್ಟು, ಬೆನ್ನು ನೀವುತ್ತ ನಿಂತಳು. ಆ ಮನೆಯಲ್ಲಿ ಇದು ದಿನದ ಕೆಲಸವೆಂಬುದು ನೋಡಿದರೇ ತಿಳಿಯುತ್ತಿತ್ತು.

"ಅವರೇ ಮಾಡಿದ್ದು ಅಂದ್ರಾ?" ಕೆಮ್ಮು ನಿಂತ ಮೇಲೆ ಹೆಂಡತಿ ಕೇಳಿದಳು.

"ಅಂದ್ರು. ನಾನು ನಂಬಲಿಲ್ಲ. ನಾಲ್ಕು ಗಂಟೆಗೆ ಕೋರ್ಟಿಗೆ ಹೋದ್ರೆ ಆಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ." ಇನ್‌ಸ್ಪೆಕ್ಟರಮ್ಮ ಅವಳ ಕೈಯನ್ನು ಹಿಡಿದು ಮೇಲಕ್ಕೆತ್ತಿದರು. ಸಣ್ಣ ಹೆಬ್ಬೆರಳು. ಉಗುರಿನ ಸುತ್ತ ಎಣ್ಣೆಪುಟ್ಟಿಯ ಬೂದು ಬಣ್ಣ. "ಹೇಳಮ್ಮ."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಬೆನ್ನ ಮೇಲಿನ ಕೈ ತೆಗೆಯದೆ, "ಹೇಳು. ಇನ್ನು ಮುಚ್ಚಿಟ್ಟು ಯಾರನ್ನ ಉಳಿಸ್ತೀಯಾ?" ಎಂದಳು.

"ಪುಟ್ಟಿ ನಾದೋದು ನನ್ನ ಕೆಲಸ," ಎಂದು ಹೆಂಡತಿ ಶುರು ಮಾಡಿದಳು. "ಕೂರಿಸೋದು ಅವರದ್ದು. ಮದುವೆಯಾದಾಗಿಂದ ನೋಡ್ತಿದ್ದೀನಿ, ಅಷ್ಟು ಬರುತ್ತೆ ಅಂದ್ಕೊಂಡೆ. ಗಾಜಿಗೆ ಮೈ ಅನ್ನೋದೊಂದು ಇರುತ್ತೆ ಅಂತ ನಂಗೇನು ಗೊತ್ತು?"

"ಫೈಲು ಯಾಕೆ ಬೇಕಿತ್ತು?"

"ನನ್ನ ಎದೆ ಅದರಲ್ಲಿತ್ತು." ಅವಳು ಎದೆ ಮುಟ್ಟಿಕೊಂಡಳು. "ಡಾಕ್ಟರಮ್ಮ ನಂಗೆ ದೀಪಕ್ಕೆ ಹಿಡಿದು ತೋರಿಸಿದ್ರು. ಹತ್ತು ವರ್ಷದಿಂದ ಆ ಶೆಡ್ಡಿನಲ್ಲಿ ಚೀಲ ತುಂಬ್ತಿದ್ದೀನಿ. ಬಾಯಿಗೆ ಬಟ್ಟೆ ಕಟ್ಕೊಳ್ತಿದ್ವಿ, ಅಷ್ಟೇ. ಬಟ್ಟೆಯ ಕಣ್ಣಿಗಿಂತ ಈ ಪುಡಿ ಸಾವಿರ ಪಾಲು ಸಣ್ಣದು ಕಣಮ್ಮ, ಬಲೆಯಲ್ಲಿ ಗಾಳಿ ಹಿಡಿದ ಹಾಗೆ ಅಂದ್ರು. ಸೋಮವಾರ ಅಧಿಕಾರಿಗಳಿಗೆ ಕೊಡ್ತೀನಿ, ನಿಮಗೆಲ್ಲ ಔಷಧಿ, ಶೆಡ್ಡಿಗೆ ಗಾಳಿ ಎಳೆಯೋ ಮಿಷನ್ನು, ಎಲ್ಲಾ ಮಾಡಿಸ್ತೀನಿ ಅಂದಿದ್ರು. ಅಷ್ಟರಲ್ಲಿ ಬಿದ್ರು. ಶನಿವಾರ ಮ್ಯಾನೇಜರ್ರು ಯಾರಿಗೋ ಫೋನಿನಲ್ಲಿ ಹೇಳ್ತಿದ್ದದ್ದು ಕೇಳಿಸ್ಕೊಂಡೆ, ಪೊಲೀಸರು ಬೀಗ ತೆಗೆದ ತಕ್ಷಣ ಆ ಕೋಣೆ ಗುಡಿಸಿ ಖಾಲಿ ಮಾಡಿಬಿಡಿ ಅಂತ. ಹನ್ನೊಂದು ಜನರ ಉಸಿರು ಕಸದ ಜೊತೆ ಹೋಗಿಬಿಡುತ್ತಲ್ಲಾ ಅನ್ನಿಸ್ತು. ಸೋಮವಾರ ಬೆಳಗ್ಗೆ ಶಿಫ್ಟಿಗೆ ಒಂದು ಗಂಟೆ ಮುಂಚೆ ಹೋದೆ. ಗಂಡನಿಗೆ ಹೇಳಲಿಲ್ಲ, ಹೇಳಿದ್ರೆ ಬಿಡ್ತಿರಲಿಲ್ಲ."

"ಗಾಜು ತೆಗೆದೆ."

"ತೆಗೆದೆ. ಕೈ ಹಾಕಿದೆ. ಫೈಲು ಸಿಕ್ತು. ಸೊಂಟಕ್ಕೆ ಸಿಕ್ಕಿಸ್ಕೊಂಡು ಗಾಜು ವಾಪಸ್ ಕೂರಿಸಿದೆ. ಪುಟ್ಟಿ ಒತ್ತಿ ಮುಗಿಸೋ ಹೊತ್ತಿಗೆ..."

ಅವಳು ಲೋಟದಲ್ಲಿ ಉಳಿದಿದ್ದ ನೀರು ಕುಡಿದಳು.

"ಫೈಲು ಈಗ ಎಲ್ಲಿದೆ? ಈ ಮನೆಯಲ್ಲೇ ಇದ್ಯಾ?"

"ಇಲ್ಲ." ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. "ಅವರ ಹತ್ರ ಇದೆ. ಹೊರಗೆ ನಿಂತಿದ್ದಾರಲ್ಲ, ಅವರ ಹತ್ರ."

ಇನ್‌ಸ್ಪೆಕ್ಟರಮ್ಮನಿಗೆ ತಟ್ಟನೆ ತಿಳಿಯಲಿಲ್ಲ. "ಯಾರ ಹತ್ರ?"

"ಮೀಸೆಯವರ ಹತ್ರ. ಅವತ್ತು ಕೋಣೆಯ ಕಾವಲು ಅವರದ್ದಂತೆ, ಕೈಯಲ್ಲಿ ಟೀ ಲೋಟ ಹಿಡ್ಕೊಂಡು ಕಟ್ಟಡದ ಮೂಲೆಯಿಂದ ಬಂದ್ರು. ನನ್ನ ಜೀವ ಬಾಯಿಗೆ ಬಂತು. ಬೈಲಿಲ್ಲ, ಹೊಡೀಲಿಲ್ಲ. 'ಇದು ಪೊಲೀಸರ ಸ್ವತ್ತು, ಕೊಡು' ಅಂದ್ರು. ಪೊಲೀಸರೇ ಇಟ್ಕೊಂಡ್ರೆ ಒಳ್ಳೇದೇ ಆಯ್ತು, ಮ್ಯಾನೇಜರ್ ಕೈಗೆ ಸಿಗಲ್ಲ ಅಂದ್ಕೊಂಡು ಕೊಟ್ಟೆ. 'ಪುಟ್ಟಿ ಮುಗಿಸಿ ಹೋಗು, ಯಾರಿಗೂ ಹೇಳಬೇಡ' ಅಂದ್ರು. ಎರಡು ದಿನ ಬಿಟ್ಟು ಅವರೇ ಬಂದು ನನ್ನ ಗಂಡನ ಕೈಗೆ ಬೇಡಿ ಹಾಕಿದ್ರು. ಓಡಿಹೋಗಿ ಕಾಲು ಹಿಡಿದೆ. 'ಬಾಯಿ ಬಿಟ್ರೆ ನಿನ್ನನ್ನೂ ಒಳಗೆ ಹಾಕ್ಬೇಕಾಗುತ್ತೆ, ಮುದುಕಿಯನ್ನ ಯಾರು ನೋಡ್ಕೊಳ್ತಾರೆ? ಸುಮ್ಮನಿದ್ರೆ ವಾರದಲ್ಲಿ ಬಿಡಿಸ್ತೀನಿ' ಅಂದ್ರು."

ಮೀಸೆಯ ಜೊತೆ ಹದಿನಾಲ್ಕು ವರ್ಷ. ಇನ್‌ಸ್ಪೆಕ್ಟರಮ್ಮ ಮನಸ್ಸಿನಲ್ಲೇ ಎಣಿಸಿದರು. ಒಂದೇ ಜೀಪು, ಒಂದೇ ಬುತ್ತಿ, ತಮ್ಮ ಗಂಡ ತೀರಿಕೊಂಡಾಗ ಹೆಣ ಹೊತ್ತ ನಾಲ್ವರಲ್ಲಿ ಒಬ್ಬ. ಹೆದರಿದ ಹೆಂಗಸು ಯಾರ ಮೇಲಾದರೂ ಏನಾದರೂ ಹೇಳಬಹುದು. ಗಂಡನನ್ನು ಬಿಡಿಸಿಕೊಳ್ಳಲು ಕಥೆ ಕಟ್ಟಬಹುದು.

"ಇನ್ನೇನಾದ್ರೂ ಹೇಳಿದ್ರಾ ಅವರು?" ಎಂದು ಕೇಳಿದರು. ತಮ್ಮ ದನಿ ತಮಗೇ ದೂರದಿಂದ ಬಂದಂತೆ ಕೇಳಿಸಿತು.

"ಫೈಲು ತಿರುವಿ ನೋಡಿದ್ರು. 'ಹಸಿರು ಪುಸ್ತಕ ಎಲ್ಲಿ?' ಅಂದ್ರು. ನಾನು ಇಷ್ಟೇ ಸಿಕ್ಕಿದ್ದು, ಯಾವ ಪುಸ್ತಕಾನೂ ನೋಡಿಲ್ಲ ಅಂದೆ. ನಂಬಿದ್ರೋ ಇಲ್ವೋ."

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ಮಂಚದ ಅಂಚಿಗೆ ಕೂತರು.

ಡಾಕ್ಟರಮ್ಮ ಹಸಿರು ರಟ್ಟಿನ ಪುಸ್ತಕವೊಂದರಲ್ಲಿ ದಿನಚರಿ ಬರೆಯುತ್ತಿದ್ದರು, ಯಾರು ಬಂದು ಹೆದರಿಸಿದರು ಎಂಬುದೂ ಅದರಲ್ಲಿತ್ತು ಎಂದು ಇನ್‌ಸ್ಪೆಕ್ಟರಮ್ಮನಿಗೆ ತಿಳಿದದ್ದು ನಿನ್ನೆ ಸಂಜೆ, ಡಾಕ್ಟರಮ್ಮನ ತಂಗಿಯ ಬಾಯಿಂದ. ಅಕ್ಕ ಅದನ್ನು ಬೇರೆ ಯಾರಿಗೂ ತೋರಿಸಿರಲಿಲ್ಲ ಎಂದಿದ್ದಳು ಆಕೆ. ಇನ್‌ಸ್ಪೆಕ್ಟರಮ್ಮ ಅದನ್ನು ಠಾಣೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಯಾವ ಕಾಗದದಲ್ಲೂ ಬರೆದಿರಲಿಲ್ಲ. ಮೀಸೆ ಅದನ್ನು ಕೇಳಿದ್ದು ಸೋಮವಾರ ಬೆಳಗ್ಗೆ.

ಡಾಕ್ಟರಮ್ಮ ಅದರಲ್ಲಿ ಬರೆಯುವುದನ್ನು ಎದುರಿಗೆ ನಿಂತು ಕಂಡವರಿಗೆ ಮಾತ್ರ ಅದರ ರಟ್ಟಿನ ಬಣ್ಣ ಗೊತ್ತಿರಲು ಸಾಧ್ಯ. ಅಥವಾ ಅದರಲ್ಲಿ ತನ್ನ ಹೆಸರಿದೆ ಎಂದು ತಿಳಿದವರಿಗೆ.

"ನನ್ನನ್ನ ಕರ್ಕೊಂಡು ಹೋಗ್ತೀರಾ?" ಎಂದಳು ಹೆಂಡತಿ.

"ಇವತ್ತು ಇಲ್ಲ. ಬಾಗಿಲು ಹಾಕ್ಕೊಳ್ಳಿ. ನಾನು ಬಂದು ಕರೆಯೋ ತನಕ ಯಾರಿಗೂ ತೆಗೀಬೇಡಿ. ಯೂನಿಫಾರಮ್ಮು ಹಾಕಿದವರಿಗಂತೂ ಬೇಡ."

ಮುದುಕಿ ಅವರನ್ನು ಬಾಗಿಲ ತನಕ ಬಿಡಲು ಬಂದಳು. ಅವರ ತೋಳನ್ನು ಒಮ್ಮೆ ಹಿಡಿದು ಬಿಟ್ಟಳು.

ಬೀದಿಯಲ್ಲಿ ಬಿಸಿಲು ಸುರಿಯುತ್ತಿತ್ತು. ಜೀಪಿನವರೆಗೆ ಮೂವತ್ತು ಹೆಜ್ಜೆ. ಇನ್‌ಸ್ಪೆಕ್ಟರಮ್ಮ ತಮ್ಮ ಎಂದಿನ ನಡಿಗೆಯಲ್ಲೇ ನಡೆದರು. ಮುಖದಲ್ಲಿ ಏನೂ ಕಾಣಬಾರದು. ಮೊದಲು ಹೇಗಾದರೂ ಇವನನ್ನು ಠಾಣೆಗೆ ಮುಟ್ಟಿಸಬೇಕು, ಮೇಲಿನವರಿಗೆ ಫೋನು ಮಾಡಬೇಕು, ಮೇಸ್ತ್ರಿಯ ಕೋರ್ಟು ನಿಲ್ಲಿಸಬೇಕು. ಒಂದಾದ ಮೇಲೆ ಒಂದು.

ಮೀಸೆ ಬಾಗಿಲು ತೆರೆದು ಹಿಡಿದಿದ್ದ.

"ಏನಂದ್ಲು ಮೇಡಂ?"

"ಏನಿದೆ ಹೇಳೋಕೆ? ಅಳೋದೇ ಆಯ್ತು. ಠಾಣೆಗೆ ಬಿಡಿ."

"ಠಾಣೆಗಲ್ಲ ಮೇಡಂ, ಆಸ್ಪತ್ರೆಗೆ ಹೋಗ್ಬೇಕು." ಮೀಸೆಯ ತುದಿಯನ್ನು ಎರಡು ಬೆರಳಲ್ಲಿ ಸವರುತ್ತ, ಒಳ್ಳೆಯ ಸುದ್ದಿ ಹೇಳುವವನ ನಗುವಿನಲ್ಲಿ ಅವನು ಬಗ್ಗಿದ. "ನೀವು ಒಳಗಿದ್ದಾಗ ಫೋನು ಬಂತು. ಡಾಕ್ಟರಮ್ಮ ಕಣ್ಣು ಬಿಟ್ಟಿದ್ದಾರಂತೆ. ನಿಮ್ಮನ್ನೇ ಕೇಳ್ತಿದ್ದಾರಂತೆ."

ಇನ್‌ಸ್ಪೆಕ್ಟರಮ್ಮನ ಒಂದು ಕಾಲು ಜೀಪಿನ ಮೆಟ್ಟಿಲ ಮೇಲಿತ್ತು.

"ಅವರ ಹತ್ರ ನಮ್ಮ ಕಾನ್‌ಸ್ಟೇಬಲ್ ಹುಡುಗಿ ಇದ್ದಾಳಲ್ಲ?"

"ಬೆಳಗ್ಗೆಯಿಂದ ಒಂದೇ ಸಮ ಕೂತಿದ್ಲು ಪಾಪ. ಊಟ ಮಾಡ್ಕೊಂಡು ಬಾ ಅಂತ ನಾನೇ ಕಳಿಸ್ದೆ." ಅವನು ಬಾಗಿಲನ್ನು ಇನ್ನಷ್ಟು ಅಗಲಕ್ಕೆ ತೆರೆದ. "ನೀವೇನೂ ಯೋಚನೆ ಮಾಡ್ಬೇಡಿ ಮೇಡಂ. ಅಲ್ಲಿ ನಮ್ಮವನೊಬ್ಬನನ್ನ ಕೂರಿಸಿದ್ದೀನಿ."